ಮಿಕ್ಕ ಚೂರು

ಕರಾರಿನಲ್ಲಿತ್ತು:
ನೂರಕ್ಕೆ ತೊಂಬತ್ತೊಂಬತ್ತು ದಶಾಂಶ ಒಂಬತ್ತು.
ಮಿಕ್ಕ ಚೂರನ್ನು ಲೆಕ್ಕ ಹಾಕಿದೆ,
ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ.
ಯಾವ ಎಂಟೂ ಮುಕ್ಕಾಲು ಅಂತ ಬರೆದಿರಲಿಲ್ಲ.

ಶಿಡ್ಲಘಟ್ಟಕ್ಕೆ ಅದು ಬಂದದ್ದು ಸೋಮವಾರ,
ಗೂಡಿನ ಹರಾಜು ಶುರುವಾಗಿ ಆರು ನಿಮಿಷಕ್ಕೆ.
ನನ್ನ ದರಪಟ್ಟಿಯ ಪುಟ ಬಿಳಿಯಾಯಿತು,
ಜಾಲರಿಯಲ್ಲಿ ಸುರಿದ ಗೂಡಿನಷ್ಟೇ ಬಿಳಿ.
ಎಂಬತ್ಮೂರು ಮಂದಿ ರೀಲರುಗಳು
ಬೆರಳಲ್ಲಿ ಪರದೆ ಎಳೆದರು, ಬಿಟ್ಟರು, ಎಳೆದರು.
ಒಳಗಿನ ಹುಳಕ್ಕೆ ಕರಾರು ಗೊತ್ತಿಲ್ಲ,
ರೆಕ್ಕೆಯ ಕೆಲಸ ಅದು ನಿಲ್ಲಿಸಲಿಲ್ಲ.

ಹನ್ನೊಂದೂವರೆಗೆ ಸರ್ವರಿಗೆ ಜೀವ ಬಂತು.
ಸಂಜೆ ಕಂಪನಿಯ ಪತ್ರ: ವಿಷಾದ, ಜೊತೆಗೆ ಪರಿಹಾರ,
ಮುಂದಿನ ಬಾಡಿಗೆಯಲ್ಲಿ ಹದಿನಾಲ್ಕು ರೂಪಾಯಿ ಕಡಿತ.

ತಲೆ ತಗ್ಗಿಸಿ ಹೋದೆ ಅಮಾನುಲ್ಲಾ ಸಾಬರ ಫಿಲೇಚರಿಗೆ.
ಬೈಯಲಿಲ್ಲ.
ಬಿಸಿನೀರಲ್ಲಿ ಎಳೆಯೊಂದು ಕಡಿದಿತ್ತು,
ಅದರ ತುದಿ ಹುಡುಕುತ್ತಿದ್ದರು
ಬೆಂದು ಬಿಳಿಚಿದ ಬೆರಳಲ್ಲಿ.
"ಕಡಿಯದ ಎಳೆ ಯಾರು ಕೊಡ್ತಾರಮ್ಮ?
ಕಡಿದಾಗ ರಾಟೆ ಹತ್ರ ಯಾರಿರ್ತಾರೆ, ಅದು ಹೇಳು."

ಹೇಳಲು ನನ್ನ ಬಳಿ ಇದ್ದದ್ದು
ಒಂದು ದೂರು ಸಂಖ್ಯೆ, ಹನ್ನೆರಡು ಅಂಕಿ.

ಹದಿನಾಲ್ಕಕ್ಕೆ ಒಂದೇ ಟೀ ಬಂತು.
ಬೈಟು ಮಾಡಿಸಿದರು,
ತುಂಬಿದ ಲೋಟ ನನ್ನ ಕಡೆ ಸರಿಸಿ
ಮತ್ತೆ ನೀರಿಗೆ ಕೈ ಹಾಕಿದರು.