ಬಲಗಡೆಯ ಜೇಬು

ಔಲು ನಗರದ ಆಸ್ಪತ್ರೆ. ಮಧ್ಯಾಹ್ನ ಮೂರಕ್ಕೇ ಕತ್ತಲು.
ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದಳು:
ಕಿರುಬೆರಳಷ್ಟು ಅಪೆಂಡಿಕ್ಸು,
ಊದಿದೆ, ಒಡೆದಿಲ್ಲ, ಒಳಗೆ ಕಲ್ಲೂ ಇಲ್ಲ.
"ಕೊಯ್ಯಲೋ, ಔಷಧಿ ಹನಿಸಲೋ? ನೀವೇ ಹೇಳಿ."

ನಲವತ್ತು ವರ್ಷ ಹಡಗಿನ ಇಂಜಿನ್ನು ಬಿಚ್ಚಿದವಳು ತೈಮಿ.
"ಬಿಟ್ಟರೆ ಮತ್ತೆ ಕೆಡುತ್ತದೆಯೆ?"
"ಹತ್ತರಲ್ಲಿ ಮೂರು ನಾಲ್ಕು ಮಂದಿಗೆ."
"ಉಳಿದವರು?"
"ಮರೆತುಬಿಡುತ್ತಾರೆ."

ಅಕ್ಕ ಲೆಂಪಿಯ ಹೊಟ್ಟೆಯ ಗೀರು ನೆನಪಾಯಿತು,
ಸೌನಾದ ಬಿಸಿಗೆ ಕೆಂಪೇರಿ
ಹೊಲಿಗೆ ಬಿಟ್ಟ ಚೀಲದ ಹಾಗೆ.
ತೈಮಿ ತೋಳು ಚಾಚಿದಳು.

ಮೂರು ದಿನ ಹನಿ. ಏಳು ದಿನ ಗುಳಿಗೆ.

ಈಗ ಸಂತೆಯಲ್ಲಿ ಮೀನು ಆರಿಸುವಾಗಲೂ
ಕೈ ತಾನಾಗಿ ಬಲಕ್ಕಿಳಿದು
ಒಮ್ಮೆ ಒತ್ತಿ ನೋಡಿ ಬರುತ್ತದೆ,
ಮನೆ ಕೀಲಿಕೈಗೆ ಜೇಬು ಮುಟ್ಟಿಕೊಂಡಂತೆ.

"ನೋವೇ?" ಎಂದ ಮೀನಿನವನು.
"ಇಲ್ಲ. ಇದೆಯಲ್ಲ, ಅಂತ."