ಟಳಕ್

ರೋಲಾದ ಅಂಗಡಿಯಲ್ಲಿ ಷಂನಾದ್
ಎರಡನ್ನೂ ಗಾಜಿನ ಮೇಲಿಟ್ಟ.
ಡಿಎಸ್‌ಎಲ್‌ಆರ್ ದಪ್ಪ, ಕತ್ತು ಜಗ್ಗುತ್ತದೆ,
ಒತ್ತಿದರೆ ಒಳಗಿನ ಕನ್ನಡಿ ಎದ್ದು ಬಿದ್ದು
ಟಳಕ್ ಅನ್ನುತ್ತದೆ.
ಮಿರರ್‌ಲೆಸ್ ಹಗುರ. ಕಣ್ಣಿಟ್ಟರೆ
ತೆಗೆಯುವ ಮೊದಲೇ ತೆಗೆದಾಗಿರುತ್ತದೆ ಚಿತ್ರ,
ಬಿಸಿಲೆಷ್ಟು ನೆರಳೆಷ್ಟು ಎಲ್ಲ ಲೆಕ್ಕ,
ತಪ್ಪಲು ಜಾಗವೇ ಇಲ್ಲ.

ನನ್ನ ಗಿರಾಕಿಗಳು ಶುಕ್ರವಾರದವರು.
ಕ್ಯಾಂಪಿನ ನೀರಿನ ಟ್ಯಾಂಕಿನ ಪಕ್ಕ
ಇಸ್ತ್ರಿ ಅಂಗಿ, ಎರವಲು ಕಪ್ಪು ಕನ್ನಡಕ,
ಎ.ಸಿ.ಯಿಂದ ಬಂದ ಲೆನ್ಸಿನ ಮಂಜು ಆರುವ ತನಕ
ಬಾಚಿದ ತಲೆಯನ್ನೇ ಮತ್ತೆ ಬಾಚುತ್ತಾರೆ.

ಹೋದ ವಾರ ಹೊಸದನ್ನು ಕೇಳಿ ಒಯ್ದಿದ್ದೆ.
ಸದ್ದಿಲ್ಲದೆ ಹನ್ನೆರಡು ತೆಗೆದೆ.
ಸಾರುವೆ ಕಟ್ಟುವ ಹಸನಬ್ಬ ಉಸಿರು ಬಿಗಿಹಿಡಿದು
ನಿಂತೇ ಇದ್ದ, ಮೂವತ್ತನೇ ಮಹಡಿಯಲ್ಲೂ ನಡುಗದವನು.
"ತೆಗ್ದ್ಯಾ? ಇನ್ನೂ ಇಲ್ವಾ?"

ಟಳಕ್ ಅಂದಮೇಲೇ ಅವನ ಭುಜ ಇಳಿಯುವುದು,
ಮುಗಿಯಿತೆಂದು ನಗು ಬರುವುದು.
ನಾನು ಕಾಯುವುದೇ ಅದಕ್ಕೆ,
ಎರಡನೆಯದೇ ಊರಿಗೆ ಹೋಗುವ ಫೋಟೋ.

"ಮೆನುವಿನಲ್ಲಿ ಸದ್ದೂ ಇದೆ, ಹಾಕಿಕೊಡಲಾ?" ಅಂದ ಷಂನಾದ್.
ಬೇಡ ಅಂದೆ.
ಕತ್ತುನೋವಿನವನು, ಹಗುರದ್ದನ್ನೇ ಕೊಂಡೆ
ಆರು ಕಂತಿಗೆ.

ಈಗ ಪ್ರತಿ ಶುಕ್ರವಾರ
ನಾಲಿಗೆ ಮಡಚಿ ನಾನೇ ಅನ್ನುತ್ತೇನೆ:
ಟಳಕ್.