ಒಂಬತ್ತನೇ ಅಂಗಿ

ವಾಡಿ ಜಂಕ್ಷನ್ನಿನ ಹಿಂದ ನನ್ನ ಹೊಲಿಗಿ ಮಷೀನು.
ಸಿಮೆಂಟಿನ ಧೂಳು ಕುಂತ ಗಾಜಿನ ಮ್ಯಾಲ
ಬೆರಳಿಲೇ ಹೆಸರು ಬರದು ಹೋದರು ಗುಲಾಬಚಂದ ಸೇಠರು:
"ಒಂಬತ್ತಕ್ಕ ನಮ್ಮ ಅಳಿಯ. ರೊಕ್ಕ ನಂದು."

ಸಂಜೀಕ ಪ್ರಭುದಾಸ ಮಾಸ್ತರು, ಕೊರಳಾಗ ಸೀಟಿ,
ಮೂರು ವರ್ಷದ ಗೋಲು ಬರದಿಟ್ಟ ವಹಿ ತಗದು:
"ಅಂವ ಅಲ್ಲ. ನಾಲವಾರದ ಹುಡುಗ."

ಸೆಕ್ರೆಟರಿ ಫೋನು: "ತಡಿ, ಮೀಟಿಂಗ್ ಅದ."

ಮೀಟಿಂಗ್ ಮುಗೀತಂತ.
ಚಹಾದ ಉದ್ರಿ ನನ್ನ ತನಕ ಬಂತು,
ಹೆಸರು ಬರಲಿಲ್ಲ.

ಅಂಕಿ ಹೊಲದೀನಿ, ಮ್ಯಾಲ ಜಾಗ ಬಿಟ್ಟೀನಿ.
ಇಷ್ಟು ಮಂದ್ಯಾಗ ಎದಿ ಅಳತಿ ಕೊಟ್ಟು ಹೋದಾಂವ
ಆ ಹುಡುಗ ಒಬ್ಬನೇ,
ಬೂಟು ಕೈಯಾಗ ಹಿಡಕೊಂಡು
ಪ್ಯಾಸೆಂಜರಿಗೆ ಓಡಿದ.

ಅರಿವಿ ಒಂದೇ ತುಂಡು ಇತ್ತು.
ಕೇಳಾಕ ಯಾರೂ ಇರಲಿಲ್ಲ.
ಮೂವತ್ತೆರಡು ಇಂಚಿಗೇ
ಕತ್ತರಿ ಹಾಕೀನಿ.